ರಕ್ತ ಬಾರದ ಏಟು

ನಮ್ಮಣ್ಣನಿಗೆ ಕಾರ್ಖಾನೆಯಲ್ಲಿ ಎಲ್ಲರೂ ಇಟ್ಟ ಹೆಸರು ‘ಅರ್ಧ ಇಂಚು’. ಯಾವ ಹಲಗೆಯನ್ನೇ ಕೊಯ್ಯಲಿ, ಅರ್ಧ ಇಂಚು ಹೆಚ್ಚಿಗೆ ಬಿಟ್ಟೇ ಕೊಯ್ಯುವವನು. “ಹೆಚ್ಚಾದ್ರೆ ಉಜ್ಜಬಹುದು, ಕಮ್ಮಿಯಾದ್ರೆ ಮರ ಮತ್ತೆ ಬೆಳೆಯುತ್ತಾ?” ಎನ್ನುತ್ತಾನೆ. ಇಪ್ಪತ್ತೆರಡು ವರ್ಷದಿಂದ ಬಡಗಿ, ಹತ್ತು ಬೆರಳೂ ನೆಟ್ಟಗಿವೆ, ಆ ಜಂಬ ಬೇರೆ. ಅಲ್ಲೇ ನಾನು ಬಾಗಿಲು, ಕುರ್ಚಿಗಳಿಗೆ ಪಾಲಿಶ್ ಹಾಕುತ್ತೇನೆ.

ನಮ್ಮಲ್ಲಿ ಒಂದು ಹಾಳು ಪದ್ಧತಿಯಿದೆ. ರಕ್ತ ಬಂದರೆ ಗಾಯ, ಬರದಿದ್ದರೆ ಅದು ಏಟೇ ಅಲ್ಲ.

ಗರಗಸದ ಮೇಜಿನಲ್ಲಿ ಬ್ಲೇಡಿನ ಹಿಂದೆ ಒಂದು ತಗಡು ನಿಂತಿರುತ್ತದೆ. ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಕಚ್ಚದಂತೆ ಅದು ತಡೆಯುತ್ತದೆ. ಕಚ್ಚಿತೋ, ಹಲಗೆ ಬಂದ ದಾರಿಯಲ್ಲೇ ವಾಪಸ್ಸು ಹಾರುತ್ತದೆ. ಆ ತಗಡು ಬಿಚ್ಚಿದ್ದಕ್ಕೆ ಅಣ್ಣ ಹೋದ ವರ್ಷ ಮಾಲೀಕರಿಗೆ ಹೇಳಿ ಒಬ್ಬ ಬಡಗಿಯನ್ನು ಕೆಲಸದಿಂದಲೇ ಬಿಡಿಸಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಸೋಮವಾರ ಬೆಳಿಗ್ಗೆ ಯಾವುದೋ ಕೆಲಸಕ್ಕೆ ತಾನೇ ಅದನ್ನು ಬಿಚ್ಚಿದವನು, ಮತ್ತೆ ಹಾಕುವ ಮೊದಲು “ಇದೊಂದು ಹಲಗೆ” ಎಂದು ಸೀಳಲು ಹೋದ. ಹಲಗೆಯ ತುದಿ ನೇರವಾಗಿ ಬಂದು ಎದೆಗೂಡಿನ ಕೆಳಗೆ, ಹೊಟ್ಟೆಯ ನಡುವಿಗೆ ಬಡಿಯಿತು.

ನೋಡಿದವಳು ನಾನೊಬ್ಬಳೇ. ಅಂಗಿ ಎತ್ತಿ ನೋಡಿದರೆ ಚರ್ಮ ಕೆಂಪಾಗಿತ್ತು, ಅಷ್ಟೇ. ಅವನು ಸ್ವಲ್ಪ ಹೊತ್ತು ಕೂತು ಟೀ ಕುಡಿದ. ತಗಡನ್ನು ನನ್ನ ಕೈಗೆ ತುರುಕಿ, “ಇದನ್ನ ಮತ್ತೆ ಹಾಕಿಬಿಡು. ಯಾರಿಗಾದ್ರೂ ಹೇಳಿದ್ಯೋ, ನಾನು ಸತ್ತಷ್ಟು ಆಣೆ” ಅಂದ. ನಾನೂ ಮೂರ್ಖಳ ಹಾಗೆ ತಲೆಯಾಡಿಸಿದೆ.

ಮರುದಿನ ಅವನು ಊಟ ಮುಟ್ಟಲಿಲ್ಲ. ಬುಧವಾರ ಬೆಳಿಗ್ಗೆ ಎರಡು ಸಲ ವಾಂತಿ. ನೋವು ಹೊಟ್ಟೆಯಿಂದ ಬೆನ್ನಿಗೆ ತೂರುತ್ತದೆ ಎಂದು ಮಂಡಿಯ ಮೇಲೆ ಬಗ್ಗಿ ಕೂತಿದ್ದ. ಅತ್ತಿಗೆ ಗಾಬರಿಯಾಗಿ ನನ್ನನ್ನು ಕರೆದರು. ಮೂವರೂ ಆಸ್ಪತ್ರೆಗೆ ಹೋದೆವು.

“ಏನಾಯ್ತು?” ಅಂದರು ಡಾಕ್ಟರಮ್ಮ.

“ಊಟದಲ್ಲಿ ಏನೋ ಹೆಚ್ಚುಕಮ್ಮಿಯಾಗಿದೆ, ಮೇಡಂ,” ಅಂದ ಅಣ್ಣ. ಹೇಳುತ್ತಲೇ ನನ್ನನ್ನು ದುರುಗುಟ್ಟಿ ನೋಡಿದ.

ಡಾಕ್ಟರಮ್ಮ ಮಾತ್ರೆ ಬರೆಯಲು ಪೆನ್ನು ತೆಗೆದರು. ನಾನು ಅಣ್ಣನ ಮುಖ ನೋಡಿದೆ. ಅವನ ತುಟಿ ಬಿಳಿಚಿತ್ತು, ಹಣೆಯ ಬೆವರು ಗದ್ದದವರೆಗೆ ಇಳಿದಿತ್ತು. ಆಣೆ ಮುರಿದರೆ ಇವನು ಜನ್ಮದಲ್ಲಿ ನನ್ನ ಜೊತೆ ಮಾತಾಡಲಿಕ್ಕಿಲ್ಲ. ಮುರಿಯದಿದ್ದರೆ ಮಾತಾಡಲು ಇವನೇ ಇರಲಿಕ್ಕಿಲ್ಲ.

“ಸುಳ್ಳು, ಮೇಡಂ! ಮೊನ್ನೆ ಹಲಗೆ ಬಡಿದಿದೆ. ಇಲ್ಲಿ!” ಎಂದು ನನ್ನ ಹೊಟ್ಟೆಯನ್ನೇ ಮುಟ್ಟಿ ತೋರಿಸಿದೆ.

ಪೆನ್ನು ನಿಂತಿತು. “ಮೊನ್ನೆನಾ? ಏನಮ್ಮಾ, ಇದನ್ನ ಮೊದಲೇ ಹೇಳಬಾರದಾ?” ಎನ್ನುತ್ತ ಎದ್ದೇ ಬಿಟ್ಟರು.

ರಕ್ತ ಪರೀಕ್ಷೆ, ಸ್ಕ್ಯಾನು. ಮಧ್ಯಾಹ್ನ ಅವರು ಅತ್ತಿಗೆಯನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು: “ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮೇದೋಜೀರಕ ಗ್ರಂಥಿ ಇರುತ್ತೆ. ಮುಂದಿನಿಂದ ಜೋರಾಗಿ ಏಟು ಬಿದ್ರೆ ಮೂಳೆಗೆ ಒತ್ತಿ ಜಜ್ಜಿಹೋಗುತ್ತೆ. ಹೊರಗೆ ಏನೂ ಕಾಣಲ್ಲ. ಮೊದಲ ದಿನ ಪರೀಕ್ಷೆಯಲ್ಲೂ ಕೆಲವು ಸಲ ಗೊತ್ತಾಗಲ್ಲ. ಆದರೆ ಊಟ ಕರಗಿಸೋ ರಸ ಅದರಲ್ಲಿದೆ ನೋಡಿ, ಅದು ಸೋರಿದ್ರೆ ಒಳಗಿನ ಮಾಂಸಾನೇ ಕರಗಿಸುತ್ತೆ. ಇವರಿಗೆ ರಸದ ನಾಳವೇ ತುಂಡಾಗಿದೆ. ತಡ ಮಾಡೋ ಹಾಗಿಲ್ಲ.”

“ಬದುಕ್ತಾರಾ?” ಎನ್ನುತ್ತ ಅತ್ತಿಗೆ ಅವರ ಕೈ ಹಿಡಿದುಕೊಂಡರು.

“ನಮ್ಮ ಪ್ರಯತ್ನ ನಾವು ಮಾಡ್ತೀವಿ.”

ಆ ಉತ್ತರ ಕೇಳಿ ನನಗೆ ಸಿಟ್ಟೇ ಬಂತು. ಹೌದು ಅನ್ನಬಾರದೇ? ಆಪರೇಷನ್ ಕೋಣೆಯ ಮುಂದೆ ನಾಲ್ಕು ಗಂಟೆ ಕೂತೆವು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅತ್ತಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಗ್ರಂಥಿಯ ಎಡಭಾಗವನ್ನು ಕತ್ತರಿಸಿ ತೆಗೆದರು. ಆಮೇಲೂ ಜ್ವರ ಬಂತು, ಹೊಟ್ಟೆಗಿಟ್ಟ ಕೊಳವೆಯಿಂದ ರಸ ಇಳಿಯುತ್ತಲೇ ಇತ್ತು. ಹನ್ನೊಂದು ದಿನ ಅಣ್ಣ ನನ್ನ ಕಡೆ ಮುಖ ತಿರುಗಿಸಲಿಲ್ಲ. ಹನ್ನೆರಡನೆಯ ದಿನ ಗಂಜಿ ಕುಡಿಸುತ್ತಿದ್ದಾಗ ಮೆಲ್ಲಗೆ ಕೇಳಿದ:

“ಆ ತಗಡು?”

“ಹಾಕಿದ್ದೀನಿ. ಸ್ಕ್ರೂ ತಲೆ ಮೇಲಿನ ಗೀಟು ಕಾಣದ ಹಾಗೆ ಅರದಿಂದ ಉಜ್ಜಿಬಿಟ್ಟಿದ್ದೀನಿ. ಇನ್ನು ಯಾರೂ ಬಿಚ್ಚೋಕಾಗಲ್ಲ.”

“ನಾನೂ?”

“ನಿನಗೋಸ್ಕರಾನೇ ಉಜ್ಜಿದ್ದು.”

ಅವನು ಚಮಚಕ್ಕೆ ಬಾಯಿ ತೆರೆದ.