ಯಂತ್ರ ನಿಲ್ಲಿಸದ ನೆಲ

ಕೋವಿಡ್ ಕಳೆದ ಮೇಲಿನ ಎರಡನೆಯ ಬೇಸಿಗೆ. ನಾನು ಜೆಸಿಬಿ ಓಡಿಸಲು ಶುರು ಮಾಡಿ ಆಗ ಇಪ್ಪತ್ತೆರಡು ವರ್ಷವಾಗಿತ್ತು, ಅದರಲ್ಲಿ ಒಂಬತ್ತು ವರ್ಷ ಸ್ವಂತ ಯಂತ್ರದ ಮೇಲೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಅದನ್ನು ಮುಚ್ಚಿಡುವುದಿಲ್ಲ. ಕಳಸದಿಂದ ಮೂಡಿಗೆರೆಯವರೆಗೆ ನಾನು ಗುಡ್ಡ ಕಡಿದು ಮಾಡಿದ ಎಸ್ಟೇಟ್ ರಸ್ತೆಗಳಲ್ಲಿ ಒಂದೂ ಮಳೆಗೆ ಕುಸಿದಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಕಡಿದ ಮಣ್ಣು ಎಲ್ಲಿಗೆ ಹೋಯಿತು ಎಂದು ಮಾತ್ರ ಬಹಳ ವರ್ಷ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ನಮ್ಮ ಕಾಫಿ ಸೀಮೆಯ ಒಂದು ಪೇಟೆ. ಹೆಸರು ಬೇಡ, ಓದಿದವರು ತಮ್ಮದೇ ಪೇಟೆ ಎಂದುಕೊಂಡರೂ ದೊಡ್ಡ ತಪ್ಪಾಗುವುದಿಲ್ಲ. ಅಲ್ಲಿ ಸಂತೆ ಮೈದಾನದ ಹಿಂದೆ ಹದಿನೆಂಟು ಟಾರ್ಪಾಲ್ ಗುಡಿಸಲುಗಳಿದ್ದವು. ಬಯಲುಸೀಮೆಯಿಂದ ಕಾಫಿ ಕೊಯ್ಲಿಗೆ ಬಂದು ಇಲ್ಲೇ ಉಳಿದವರು. ಹಿಂದೆ ಇಂಥವರಿಗೆ ಎಸ್ಟೇಟಿನೊಳಗೇ ಲೈನ್ ಮನೆ, ಅಂದರೆ ಸಾಲಾಗಿ ಕಟ್ಟಿದ ಕೋಣೆಗಳು ಇರುತ್ತಿದ್ದವು. ಈಗ ಎಷ್ಟೋ ಲೈನುಗಳಿಗೆ ಬಣ್ಣ ಬಳಿದು, ಬಾಗಿಲಿಗೆ ಹೂಕುಂಡ ಇಟ್ಟು ಹೋಂಸ್ಟೇ ಮಾಡಿದ್ದಾರೆ. ಬೆಳಿಗ್ಗೆ ಏಳಕ್ಕೆ ಎಸ್ಟೇಟಿನ ಜೀಪು ಬಂದು ಇವರನ್ನು ಗುಡಿಸಲಿನಿಂದ ಹತ್ತಿಸಿಕೊಂಡು ಹೋಗುತ್ತದೆ, ಸಂಜೆ ತಂದು ಇಳಿಸುತ್ತದೆ. ಅವರ ಕೈ ಎಲ್ಲರಿಗೂ ಬೇಕು. ಅವರ ಗುಡಿಸಲು ಕಣ್ಣಿಗೆ ಬೀಳಬಾರದು.

ಎರಡು ಸಲ ಆ ಗುಡಿಸಲುಗಳನ್ನು ಎತ್ತಿಸಿದ್ದರು. ಎರಡು ಸಲವೂ ಯಂತ್ರ ನನ್ನದೇ. ಯಾರೋ ದೊಡ್ಡವರು ಬರುತ್ತಾರೆಂದು ಮೊದಲ ಸಲ, ಪ್ರವಾಸಿಗಳ ದೂರು ಬಂತೆಂದು ಎರಡನೇ ಸಲ. ಜನ ಮೈದಾನದ ಪಕ್ಕ ನೀರು ಹರಿಯುವ ತೋಡಿನ ಆಚೆ ಹೋಗಿ ಕೂತರು, ಹತ್ತು ದಿನಕ್ಕೆ ಮತ್ತೆ ಅಲ್ಲೇ ಕಂಬ ನೆಟ್ಟರು. ಒಂದೇ ಗುಂಡಿಯನ್ನು ತೋಡಿ ಮುಚ್ಚಿ ತೋಡುವ ಕೆಲಸ ಯಾವ ಕೆಲಸಗಾರನಿಗೂ ಮರ್ಯಾದೆ ತರುವುದಿಲ್ಲ. ಹಾಗೆಂದು ನನಗೆ ಅವರ ಮೇಲೆ ನಂಬಿಕೆಯೂ ಇರಲಿಲ್ಲ. ಡೀಸೆಲ್ ಟ್ಯಾಂಕಿನ ಬೀಗ ಎಳೆದು ನೋಡದೆ ಆ ಮೈದಾನದಲ್ಲಿ ನಾನು ಒಂದು ಟೀ ಕುಡಿದವನಲ್ಲ.

ಮೂರನೇ ಸಲ ಪಟ್ಟಣ ಪಂಚಾಯಿತಿಯ ಇಂಜಿನಿಯರ್ ಫೋನ್ ಮಾಡಿದರು. ಹೊಸಬರು, ಮಾತು ನಯ.

“ಶಿವಣ್ಣ, ಈ ಸಲ ಸುಮ್ನೆ ಎತ್ತೋದಲ್ಲ. ಪುನರ್ವಸತಿ. ಒಬ್ರು ಎಸ್ಟೇಟ್ ಓನರ್ ಅರ್ಧ ಎಕರೆ ಜಾಗ ಬಿಟ್ಕೊಟ್ಟಿದಾರೆ. ನೀವು ಲೆವೆಲ್ ಮಾಡಿ ಕೊಟ್ರೆ ಮಳೆಗೆ ಮುಂಚೆ ಎಲ್ರನ್ನೂ ಅಲ್ಲಿಗೆ ಸಾಗಿಸ್ತೀವಿ.”

ಯಾರು ಎಂದು ವಿಚಾರಿಸಿ ಓನರ್ ಹೆಸರು ತಿಳಿದ ಕೂಡಲೇ ನನಗೆ ಸರಿ ಕಾಣಲಿಲ್ಲ. ಹೈಡ್ರಾಲಿಕ್ ಪೈಪು ಬದಲಿಸಲು ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ರಫೀಕನಿಗೆ ಹೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು ನಕ್ಕ.

“ಬೇಲಿ ಹಾಕುವಾಗ ರಸ್ತೆನೇ ಎರಡಡಿ ಒಳಗೆ ಎಳ್ಕೊಂಡ ಮನುಷ್ಯ ಅದು. ಅರ್ಧ ಎಕರೆ ಸುಮ್ನೆ ಕೊಡ್ತಾರೆ ಅಂದ್ರೆ ಒಂದಾ ಅವ್ರಿಗೆ ಹುಷಾರಿಲ್ಲ, ಇಲ್ಲ ಆ ಜಾಗಕ್ಕೆ ಹುಷಾರಿಲ್ಲ ಮಾರಾಯ.”

ಮಾರನೆಯ ದಿನ ಜಾಗಕ್ಕೆ ಹೋದೆ. ಪೇಟೆಯಿಂದ ಆರು ಕಿಲೋಮೀಟರ್. ಮೇಲೆ ಹಸಿರು ಹುಲ್ಲು, ನೋಡಲು ಚೆಂದದ ಸಮತಟ್ಟು. ಇಳಿದು ಎರಡು ಹೆಜ್ಜೆ ಹಾಕಿದ ಕೂಡಲೇ ಗುರುತು ಹತ್ತಿತು. ಮೂರು ವರ್ಷದ ಹಿಂದೆ ಅದೇ ಓನರ್ ಹೋಂಸ್ಟೇಗೆ ರಸ್ತೆ ಮಾಡಿಸಿದಾಗ, ಕಡಿದ ಮಣ್ಣನ್ನೆಲ್ಲ ನಾನೇ ಆ ಹಳ್ಳದ ನೆತ್ತಿಗೆ ದೂಡಿದ್ದೆ. ಬುಡ ಸಮೇತ ಕಿತ್ತ ಸಿಲ್ವರ್ ಓಕ್ ಮರಗಳು, ಕಾಫಿ ಬೊಡ್ಡೆಗಳು, ಎಲ್ಲ ಅದರೊಳಗೇ. ಕಡಿಮೆಯೆಂದರೂ ಇಪ್ಪತ್ತು ಅಡಿ ತುಂಬಿದ ಮಣ್ಣು. ಆ ಹಳ್ಳ ಓನರ್‌ದೋ ಸರ್ಕಾರದ್ದೋ ಎಂದು ಅವತ್ತು ನಾನು ವಿಚಾರಿಸಿರಲಿಲ್ಲ. ಈಗ ಅದರ ಮೇಲೆ ಸರ್ಕಾರವೇ ಜನರನ್ನು ಕೂರಿಸಿದರೆ, ತುಂಬಿದ್ದರ ಬಗ್ಗೆ ಮುಂದೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಇದು ನನ್ನ ಅನುಮಾನ. ಸಾಕ್ಷಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಇಂಜಿನಿಯರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ “ತುಂಬಿದ್ದು ಯಾರು?” ಎಂಬ ಪ್ರಶ್ನೆ ಬರುತ್ತದೆ. ಎರಡು ದಿನ ಬಾಯಿ ಮುಚ್ಚಿಕೊಂಡು ಲೆವೆಲ್ ಮಾಡಿದೆ.

ಎರಡನೇ ದಿನ ಗುಡಿಸಲಿನವರಲ್ಲಿ ಎಂಟು ಹತ್ತು ಜನರನ್ನು ಜಾಗ ತೋರಿಸಲು ಟ್ರ್ಯಾಕ್ಟರಿನಲ್ಲಿ ಬೆಳಿಗ್ಗೆಯೇ ಕರೆತಂದರು. ಅವರಲ್ಲಿ ಹನುಮವ್ವ ಎಂಬ ಹೆಂಗಸು ಮುಂದಾಳು. ಹಿಂದಿನ ಎರಡು ಸಲವೂ ನನ್ನ ಯಂತ್ರದ ಬಕೆಟ್ಟಿಗೆ ಅಡ್ಡ ನಿಂತು ಬೈದವಳು. ಉಳಿದವರು ಹಗ್ಗ ಹಿಡಿದು ಜಾಗ ಅಳೆಯುತ್ತಿದ್ದರೆ ಅವಳು ಒಂದು ಕಲ್ಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಇವಳ ಕಣ್ಣು ಡೀಸೆಲ್ ಮೇಲೆ ಎಂದುಕೊಂಡೆ.

ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಯಂತ್ರದಿಂದ ಇಳಿಯುವ ಮೊದಲು ಅದನ್ನು ಕಡಿದು ಸಿಕ್ಕ ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು, ಮಣ್ಣು ತುಂಬಿದ ನೆಲದ ಮೇಲೆ ನಿಲ್ಲಿಸಬಾರದು. ಏಳೂವರೆ ಟನ್ ಭಾರ, ನೆಲ ಯಾವಾಗ ಕೂರುತ್ತದೆ ಹೇಳಲಾಗುವುದಿಲ್ಲ. ನನ್ನ ಗುರು ಬೈದು ಬೈದು ಕಲಿಸಿದ್ದು, ಈಗ ಕೈ ತಾನಾಗಿ ಮಾಡುತ್ತದೆ. ಅವತ್ತೂ ಟೀಗೆ ಇಳಿಯುವಾಗ, ಊಟಕ್ಕೆ ಇಳಿಯುವಾಗ, ಯಂತ್ರವನ್ನು ಇನ್ನೂರು ಅಡಿ ಆಚೆಯ ಹಳೇ ರಸ್ತೆಗೆ ಒಯ್ದು ನಿಲ್ಲಿಸಿ ನಡೆದು ಬಂದಿದ್ದೆ.

ಊಟ ಮುಗಿಸಿ ಕೈ ತೊಳೆಯುವಾಗ ಹನುಮವ್ವ ಹತ್ತಿರ ಬಂದಳು.

“ಯಣ್ಣಾ, ನಿನ್ನ ಗಾಡಿ ಯಾಕ ಅಷ್ಟು ದೂರ ನಿಲ್ಲಸ್ತಿ?”

“ದಾರಿಗೆ ಅಡ್ಡ ಆಗ್ಬಾರ್ದು ಅಂತ.”

“ಇಲ್ಲಿ ಯಾವ ದಾರಿ ಐತಿ? ಮುಂಜಾನಿಂದ ನೋಡಾಕತ್ತೀನಿ. ಇಳಿಯೂದಿತ್ತಂದ್ರ ಅಲ್ಲೇ ಒಯ್ತಿ. ಕಬ್ಬಿಣದ ಗಾಡಿ ನಿಲ್ಲಸಾಕ ಹೆದರ್ತಿ, ನಮ್ಮ ಹುಡುಗ್ರನ್ನ ಮಲಗಸಾಕ ಹೆದರಿಕಿ ಇಲ್ಲೇನು?”

ನೆರಳಲ್ಲಿ ನಿಂತಿದ್ದ ಇಂಜಿನಿಯರ್ ಅವಳನ್ನು ಗದರಿಸಿದರು. “ಏನಮ್ಮ, ಜಾಗ ಕೊಟ್ರೂ ತಕರಾರಾ? ಶಿವಣ್ಣ, ನೀವೇ ಹೇಳಿ ಇವ್ರಿಗೆ, ಗಟ್ಟಿ ನೆಲ ಅಂತ.”

ಇಪ್ಪತ್ತೆರಡು ವರ್ಷದಲ್ಲಿ ನೆಲದ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಹೇಳಿದವನಲ್ಲ. ಹೋಗಿ ಯಂತ್ರ ತಂದೆ. ಹೊಸದಾಗಿ ಲೆವೆಲ್ ಮಾಡಿದ್ದ ನೆಲದ ನಡುವೆಯೇ ಹಿಂದಿನ ತೋಳು ಇಳಿಸಿದೆ. ಐದಡಿಗೆ ಸಿಲ್ವರ್ ಓಕಿನ ಕೊಳೆತ ಬೊಡ್ಡೆ ಸಿಕ್ಕಿತು. ಎತ್ತಿದ ಕೂಡಲೇ ಅದರ ಜಾಗದಲ್ಲಿ ಮಣ್ಣು ತಾನಾಗಿ ಒಳಕ್ಕೆ ಜಾರಿತು. ಎಂಟಡಿಗೆ ಕೆಸರು. ಏಪ್ರಿಲ್ ಬಿಸಿಲಿನಲ್ಲೂ ಅಡಿಯಿಂದ ನೀರು ಜಿನುಗುತ್ತಿತ್ತು.

“ನಿಮ್ಗೆ ಹೇಳಿದ್ದು ಲೆವೆಲ್ ಮಾಡೋಕೆ. ಅಗೆಯೋಕಲ್ಲ,” ಎಂದರು ಇಂಜಿನಿಯರ್. ದನಿಯ ನಯ ಹೋಗಿತ್ತು.

“ಸರ್, ಇದು ಹಳ್ಳದ ನೆತ್ತಿ. ತುಂಬಿದ್ದು ನಾನೇ. ಬೇಕಾದ್ರೆ ಬರ್ಕೊಳ್ಳಿ, ಹೆಬ್ಬೆಟ್ಟಲ್ಲ, ಸೈನ್ ಮಾಡ್ತೀನಿ.”

ಅವರು ಬರೆದುಕೊಳ್ಳಲಿಲ್ಲ. ಹನುಮವ್ವ ಗುಂಡಿಯೊಳಗೆ ಬಗ್ಗಿ ನೋಡಿದಳು. ತನ್ನವರನ್ನೆಲ್ಲ ಕರೆದು ಟ್ರ್ಯಾಕ್ಟರ್ ಹತ್ತಿಸಿದಳು. ಥ್ಯಾಂಕ್ಸ್ ನಿರೀಕ್ಷಿಸಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಹಳ್ಳ ತುಂಬಿದವನಿಗೆ ಯಾವ ಥ್ಯಾಂಕ್ಸ್?

ಜನರನ್ನು ಆ ಜಾಗಕ್ಕೆ ಸಾಗಿಸಲಿಲ್ಲ. ಹಾಗೆಂದು ಬೇರೆ ಜಾಗವನ್ನೂ ಹುಡುಕಲಿಲ್ಲ. ಮೇ ತಿಂಗಳಲ್ಲಿ ಬೇರೆ ಊರಿನ ಯಂತ್ರ ತರಿಸಿ ಮೈದಾನ ತೆರವು ಮಾಡಿದರು, ಜನ ಮತ್ತೆ ತೋಡಿನ ಆಚೆ ಹೋದರು. ಜುಲೈಯಲ್ಲಿ ಒಂದು ವಾರ ಬಿಡದೆ ಮಳೆ ಹೊಡೆಯಿತು. ನಾನು ಲೆವೆಲ್ ಮಾಡಿದ್ದ ನೆಲದ ಅರ್ಧ ಭಾಗ ಹಳ್ಳಕ್ಕೆ ಇಳಿಯಿತು. ಕೆಳಗೆ ಯಾರೂ ಇರಲಿಲ್ಲ, ಹಾಗಾಗಿ ಅದು ಸುದ್ದಿಯೂ ಆಗಲಿಲ್ಲ. ಇಂಜಿನಿಯರಿಗೆ ವರ್ಗವಾಯಿತು. ನನಗೆ ಆ ಕಚೇರಿಯಿಂದ ಮತ್ತೆ ಫೋನ್ ಬರಲಿಲ್ಲ. ಡಿಸೆಂಬರಿನಲ್ಲಿ ಕೊಯ್ಲು ಶುರುವಾದಾಗ ಸಂತೆ ಮೈದಾನದ ಹಿಂದೆ ಮತ್ತೆ ಟಾರ್ಪಾಲ್ ಎದ್ದವು. ಬೆಳಿಗ್ಗೆ ಏಳಕ್ಕೆ ಜೀಪುಗಳು ಬಂದವು. ಅವುಗಳಲ್ಲೊಂದು ಆ ಓನರ್‌ದೇ.

ಈಗಲೂ ಯಾರಾದರೂ ಗುಡಿಸಲು ಎತ್ತುವ ಕೆಲಸಕ್ಕೆ ಕರೆಯುತ್ತಾರೆ. ಆದೇಶದ ಕಾಗದ ತೋರಿಸುತ್ತಾರೆ. ಅದರ ಕನ್ನಡ ನನಗೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧದ ಮೇಲೆ ನಂಬಿಕೆಯಿಲ್ಲ. ಎತ್ತಬೇಕಾದ ಜಾಗವನ್ನು ನಾನು ನೋಡಲು ಹೋಗುವುದಿಲ್ಲ. “ಅವ್ರನ್ನ ಕಳಿಸೋ ಜಾಗ ತೋರ್ಸಿ, ಅಲ್ಲಿ ಮೊದಲು ನನ್ನ ಗಾಡಿ ನಿಲ್ಲಿಸ್ತೀನಿ” ಎನ್ನುತ್ತೇನೆ. ಈವರೆಗೆ ಮೂವರು ಕರೆದಿದ್ದಾರೆ. ಇಬ್ಬರಿಗೆ ತೋರಿಸಲು ಜಾಗವೇ ಇರಲಿಲ್ಲ. ಮೂರನೆಯವರು ತೋರಿಸಿದರು. ಅದೂ ತುಂಬಿದ ನೆಲವೇ ಎಂದು ಕಂಡು, ಯಂತ್ರವನ್ನು ರಸ್ತೆಯಿಂದ ಇಳಿಸದೆ ವಾಪಸ್ ಬಂದೆ.