ಪುಟ್ಮಾದಯ್ಯನ ಮೂರು ಬೀಗದಕೈ

ಬಾಡಿಗೆ ಮನೆ ತೋರ್ಸೋ ಪುಟ್ಮಾದಯ್ಯ ಬೀಗ ತೆಗೆದ ಕೂಡ್ಲೇ ಹೇಳೋದು ಮನೆಯ ಹುಳುಕು. "ಮಳೆ ಬಂದ್ರೆ ಈ ಗೋಡೆ ಬೆವರ್ತದೆ ಕಣಮ್ಮ. ಪಕ್ಕದ್ಮನೆ ನಾಯಿಗೆ ನಿದ್ದೆ ಅನ್ನೋದೇ ಇಲ್ಲ." ನಡುಮನೆಗಿಂತ ಮುಂಚೆ ಕಕ್ಕಸ್ಸು ತೋರಿಸ್ತಾನೆ. ಇರೋ ನಲ್ಲಿಯೆಲ್ಲಾ ತಿರುಗಿಸ್ತಾನೆ. ಅಡುಗೆಕಟ್ಟೆ ಮುಂದೆ ನಿಂತು, ಇಲ್ಲದ ದೋಸೆ ಹುಯ್ದು, ಮಗುಚಿ, ಎತ್ತರ ಸರಿಯಾಗಿದ್ಯಾ ಅಂತ ನೋಡ್ತಾನೆ. "ಇಂಗೆ ತೋರ್ಸಿದ್ರೆ ಯಾರಯ್ಯ ಬತ್ತಾರೆ?" ಅಂತ ಓನರ್‌ಗಳು ರೇಗಿದ್ರೆ, "ಬಂದೋರು ಓಡೋಗಲ್ಲ ಬುಡಿ" ಅಂತಾನೆ. ಕಡಕೊಳದ ಫ್ಯಾಕ್ಟರಿಗೆ ಹೋಗೋ ಧರಣಿ ಅವನ ಹತ್ರ ಬಂದಾಗ ಸೋತೋಗಿದ್ಲು. ತಿಂಗಳ ಕೊನೆಗೆ ಇರೋ ಮನೆ ಖಾಲಿ ಮಾಡ್ಬೇಕು. ಹೋದ ಕಡೆಯೆಲ್ಲ ಜಾತಿ ಕೇಳಿ, "ಬೇರೆಯೋರಿಗೆ ಮಾತಾಡ್ಬುಟ್ಟಿದೀವಿ" ಅಂತ ಸಾಗಹಾಕಿದ್ರು. ಅವನು ಬೀಗ ತೆಗೆದ ಶ್ರೀರಾಂಪುರದ ಮನೆ ಬಾಗಿಲಲ್ಲಿ ಅವಳು ನಿಂತ್ಬುಟ್ಲು. "ಅಣ್ಣ, ಒಳಕ್ಕೆ ಹೋಗೋ ಮುಂಚೆನೇ ಹೇಳ್ಬುಡ್ತೀನಿ, ನಾವು..." ಪುಟ್ಮಾದಯ್ಯ ಮಾತು ಮುಗಿಸಕ್ಕೆ ಬಿಡ್ಲಿಲ್ಲ. "ಅದ ಕೇಳೋರ ಮನೆ ಬೀಗದಕೈ ನಾನು ಇಸ್ಕೊಳಲ್ಲ ಕಣವ್ವ. ಅದ್ಕೇ ಇಪ್ಪತ್ತು ವರ್ಷದಿಂದ ನನ್ನತ್ರ ಮೂರಕ್ಕಿಂತ ಜಾಸ್ತಿ ಬೀಗದಕೈ ಸೇರಿಲ್ಲ."  ಬರೀ ನೋಡೋಕೆ ಬಂದ ಮನೆಗೆ ಧರಣಿ, ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಕ್ಕೆ ಹೋದ್ಲು.