ಅಜ್ಜನ ವಿಮಾನಕ್ಕೆ ಅಜ್ಜಿಯ ಸೀರೆ

ಗೆಳೆಯರೇ, ಇವತ್ತು ಮಕ್ತಲ್‌ನ ನಮ್ಮ ಮನೆಯಲ್ಲಿ ವಿಮಾನವೊಂದು ಸೀರೆ ಉಟ್ಟಿತು.

ನಿಜಾಮರ ಕಾಲದಲ್ಲಿ ನಮ್ಮಜ್ಜ ಹೈದರಾಬಾದಿನಿಂದ ಹಗುರವಾದ ಬಾಲ್ಸಾ ಕಟ್ಟಿಗೆ ತರಿಸಿ ಕಟ್ಟಿದ ಪುಟ್ಟ ವಿಮಾನವದು. ಅದರ ಕಟ್ಟಿಗೆಯ ಹಂದರಕ್ಕೆ ಹೊದಿಸಲು ತೆಳು ರೇಷ್ಮೆ ಬೇಕಿತ್ತು. ಅಜ್ಜಿ ತನ್ನ ಮದುವೆಯ ನಾರಾಯಣಪೇಟೆ ಸೀರೆ ಕೊಡಲಿಲ್ಲವಂತೆ. ಅಂದಿನಿಂದ ವಿಮಾನ ಜಂತಿಗೆ ತೂಗುತ್ತಿತ್ತು. ರೆಕ್ಕೆಯೇನೋ ಇತ್ತು, ಪಕ್ಕೆ ಕಾಣುತ್ತಿತ್ತು. ಈಗ ಅದಕ್ಕೆ ಮೋಟರು, ನೆಲದಿಂದಲೇ ನಡೆಸಲು ರೇಡಿಯೋ ಕೂಡಿಸಿದ ನಾನು ಅಂಜುತ್ತಲೇ ಅಜ್ಜಿಯನ್ನು ಕೇಳಿದೆ.

"ಅಜ್ಜೀ, ಆ ಸೀರಿ ಕೊಡ್ತೀ ಏನು? ಅಜ್ಜಾಗ ಒಲ್ಲೆ ಅಂದಿದ್ದಿಯಂತಲ್ಲ?"

"ನಿಮ್ಮಜ್ಜಾರು ಎಲ್ಲಿ ಕೇಳಿದ್ರು? ಸೀದಾ ಕತ್ತರಿ ಹಿಡ್ಕೊಂಡು ಬಂದ್ರು. ಬಾಯಿ ಬಿಟ್ಟು ಕೇಳಿದ್ರ ಕೊಡ್ತಿದ್ದಿಲ್ಲೇನು?"

ಪೆಟ್ಟಿಗೆಯಿಂದ ಸೀರೆ ತೆಗೆದುಕೊಟ್ಟಳು. ಕರಾರು ಒಂದೇ.

"ಅಂಚು ತೆಗೀಬ್ಯಾಡ. ಅಂಚಿಲ್ಲಂದ್ರ ಅದು ಸೀರಿ ಅಲ್ಲ, ಬರೇ ಅರಿವಿ."

"ಜರಿ ಭಾರ ಐತಿ ಅಜ್ಜೀ. ವಿಮಾನ ಮ್ಯಾಲ ಏಳಾಂಗಿಲ್ಲ."

"ಅದನ್ನ ಉಟ್ಗೊಂಡು ನಾ ಗದ್ವಾಲ್‌ದಾಗ ಮದ್ವಿ ತುಂಬಾ ಓಡಾಡೀನಿ. ಇದಕ್ಕೇನು ಧಾಡಿ?"

ಸೋತೆ. ಎರಡೂ ರೆಕ್ಕೆಗೆ ಅಂಚನ್ನು ಸಮನಾಗಿ ಕೂರಿಸಿ, ರೇಷ್ಮೆಯನ್ನು ಒದ್ದೆ ಮಾಡಿ ಎಳೆದು ಅಂಟಿಸಿ, ಬಿಗಿಯಾಗಲೆಂದು ಮೇಲೆ ಡೋಪ್ ಎಂಬ ವಾರ್ನಿಷ್ ಬಳಿದೆ. ಒಣಗಿದ ಮೇಲೆ ಹಲಗೆ ವಾದ್ಯದ ಚರ್ಮದಂತೆ ಟಣ್ ಎಂದಿತು. ಹೊಸ ಸೀರೆಗೆ ಹಚ್ಚುವಂತೆ ಅಜ್ಜಿ ರೆಕ್ಕೆಯ ಮೂಲೆಗೆ ಅರಿಶಿಣ ಹಚ್ಚಿ, ಗೋಡೆಯ ಮೇಲಿನ ಅಜ್ಜನ ಫೋಟೋದ ಕಡೆ ಒಮ್ಮೆ ನೋಡಿದಳು.

ಇದು ಹಾರುತ್ತದೋ ಇಲ್ಲವೋ, ಗೊತ್ತಿಲ್ಲ. ಒಂದು ಮಾತು ಕೇಳಿದ್ದರೆ ಅಜ್ಜ ನಿಜಾಮರ ಕಾಲದಲ್ಲೇ ಹಾರಿಸಿ ನೋಡುತ್ತಿದ್ದರು.